ಇಂಚಪ್ಪನ ಅಳತೆ ಪುಸ್ತಕ

ನಮ್ಮ ಬೀದಿಯಲ್ಲಿ ಯಾರೂ ದಪ್ಪಗಾಗುವುದಿಲ್ಲ. ಮದುವೆಯಾಗಿ ಈ ಊರಿಗೆ ಬಂದು ಪುಸ್ತಕದಂಗಡಿ ತೆರೆದ ದಿನದಿಂದ ನನ್ನನ್ನು ಕಾಡಿದ ವಿಷಯ ಇದು. ಬೇಕರಿಯವನ ಹೊಟ್ಟೆ ಅವನಿಗಿಂತ ಮೊದಲೇ ಬಾಗಿಲು ದಾಟುತ್ತದೆ. ಆದರೂ ಕೇಳಿ ನೋಡಿ, "ಮೂವತ್ನಾಲ್ಕು ಇಂಚು. ಮದುವೆ ದಿನ ಎಷ್ಟಿತ್ತೋ ಇವತ್ತೂ ಅಷ್ಟೇ" ಎನ್ನುತ್ತಾನೆ. ಸುಳ್ಳು ಹೇಳುತ್ತಾನೆ ಎನ್ನುವಂತಿಲ್ಲ, ಪಾಪ, ಅವನು ಅದನ್ನು ನಂಬಿದ್ದಾನೆ.

ಈ ನಂಬಿಕೆ ತಯಾರಾಗುತ್ತಿದ್ದದ್ದು ನನ್ನ ಅಂಗಡಿಯ ಎದುರಿಗೇ, ದರ್ಜಿಯ ಕೋಣೆಯಲ್ಲಿ. ಬೋರ್ಡಿನ ಮೇಲಿನ ಹೆಸರು ಬಿಸಿಲಿಗೆ ಅಳಿಸಿಹೋಗಿತ್ತು. ಊರಿಗೆಲ್ಲ ಅವನು ಇಂಚಪ್ಪ. ಪೋಸ್ಟಿನವನೂ ಆ ಹೆಸರಿಗೇ ಕಾಗದ ತಂದುಕೊಡುತ್ತಿದ್ದ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ಒಂದು ಕನ್ನಡಿ. ಹಿಂದಿನ ಕಿಟಕಿಯ ಬೆಳಕಿನಲ್ಲಿ ಅವನ ಹೆಂಡತಿ ಕೂತು ಗುಂಡಿ ಹಾಕುತ್ತಿದ್ದಳು. ನಾನು ಅವಳನ್ನು ಅತ್ತಿಗೆ ಎನ್ನುತ್ತೇನೆ. ಇಡೀ ದಿನ ಬಾಯಲ್ಲಿ ದಾರ ಕಚ್ಚಿಕೊಂಡೇ ಇರುವುದರಿಂದ ಅವಳಿಗೆ ಮಾತಾಡಲು ಪುರುಸೊತ್ತಿಲ್ಲ.

ಇಂಚಪ್ಪನ ಕೊರಳಲ್ಲಿ ಟೇಪು ಸದಾ ನೇತಾಡುತ್ತಿತ್ತು. ಆದರೆ ಹಳೆಯ ಗಿರಾಕಿಗಳ ಮೈಗೆ ಅದನ್ನು ಹಿಡಿದದ್ದನ್ನು ನಾನು ಕಾಣೆ. ಮೊದಲ ಸಲ ಬಂದವರನ್ನು ಅಳೆದು ಗಟ್ಟಿಯಾಗಿ ಅಂಕಿ ಕೂಗುತ್ತಿದ್ದ. ಎರಡನೇ ಸಲದಿಂದ "ನಿಮ್ಮ ಅಳತೆ ನನ್ನ ಹತ್ರ ಇದೆಯಲ್ಲ" ಎಂದು ಹೆಗಲ ಮೇಲೆ ಕೈಯಿಟ್ಟು, ಅಂಗಿಯ ಸೊಂಟ ಚೂರು ಎಳೆದು ನೋಡಿ ಕಳಿಸಿಬಿಡುತ್ತಿದ್ದ. ವಾರದ ಮೇಲೆ ಬಟ್ಟೆ ಹಾಕಿಕೊಂಡರೆ ಮೈಗೆ ಹೇಳಿಮಾಡಿಸಿದಂತೆ ಕೂರುತ್ತಿತ್ತು. ಹೇಗೆ? ನನ್ನ ತಲೆಗೆ ಹುಳ ಬಿಟ್ಟಂತಾಗಿತ್ತು. ಊರ ಉಸಾಬರಿಯೆಲ್ಲ ನಿನಗ್ಯಾಕೆ ಎಂದು ನನ್ನ ಅಮ್ಮ ಬೈದು ಬೈದು ಸೋತಿದ್ದಳು. ಆ ಗುಣ ನನ್ನ ಜೊತೆಗೇ ಈ ಊರಿಗೆ ಬಂದಿತ್ತು.

ಒಮ್ಮೆ ಕೇಳಿಯೂ ಬಿಟ್ಟೆ. "ಅಣ್ಣ, ಟೇಪು ಹಿಡಿಯದೆ ಹೇಗೆ ಕತ್ತರಿಸ್ತೀರಿ?"

"ಕಣ್ಣಿದೆಯಲ್ಲಕ್ಕ."

"ಕಣ್ಣು ನನಗೂ ಇದೆ."

"ನಿಮ್ಮ ಕಣ್ಣು ಬೀದಿ ತುಂಬಾ ಓಡಾಡುತ್ತೆ. ನಂದು ಸೊಂಟದ ಹತ್ರಾನೇ ನಿಂತಿರುತ್ತೆ" ಎಂದು ಮತ್ತೆ ಪೆಡಲ್ ತುಳಿದ.

ಹದಿನೈದು ವರ್ಷ ಹೀಗೇ ಕಳೆಯಿತು. ಒಂದು ಮಧ್ಯಾಹ್ನ ಇಂಚಪ್ಪ ತಾನೇ ರಸ್ತೆ ದಾಟಿ ಬಂದ. ಅವನ ಅಳತೆ ಪುಸ್ತಕದ ಬೈಂಡು ಕಿತ್ತುಬಂದಿತ್ತು. ನಾನು ಶಾಲೆಯ ಪುಸ್ತಕಗಳಿಗೆ ಬೈಂಡು ಹಾಕಿಕೊಡುತ್ತೇನೆಂದು ಅವನಿಗೆ ಗೊತ್ತು.

"ಸಂಜೆ ಹೊತ್ತಿಗೆ ಹೊಲಿದು ಕೊಡಿ" ಎಂದವನು ಎರಡು ಹೆಜ್ಜೆ ಹೋಗಿ ತಿರುಗಿ ನಿಂತ. "ಅಕ್ಕ, ಓದ್ಬೇಡಿ."

ಹಾಗೆ ಹೇಳದೆ ಹೋಗಿದ್ದರೂ ಓದುತ್ತಿದ್ದೆ ಅನ್ನಿ.

ಪ್ರತಿ ಗಿರಾಕಿಗೂ ಒಂದು ಪುಟ, ಪುಟದ ನಡುವೆ ಉದ್ದಕ್ಕೆ ಒಂದು ಗೆರೆ. ಗೆರೆಯ ಎಡಕ್ಕೆ 'ಬಾಯಿ' ಎಂದು ಬರೆದಿತ್ತು, ಬಲಕ್ಕೆ 'ಮೈ'. ಬೇಕರಿಯವನ ಪುಟ ತೆಗೆದೆ. ಬಾಯಿಯ ಕೆಳಗೆ ಮೂವತ್ತನಾಲ್ಕು, ಮೂವತ್ತನಾಲ್ಕು, ಮೂವತ್ತನಾಲ್ಕು, ಮೂವತ್ತನಾಲ್ಕು. ಮೈಯ ಕೆಳಗೆ ಮೂವತ್ತನಾಲ್ಕು, ಮೂವತ್ತೇಳು, ನಲವತ್ತು, ನಲವತ್ತಮೂರು. ಆಗ ಎಲ್ಲ ತಿಳಿಯಿತು. ಗಿರಾಕಿಗೆ ಹೇಳುವ ಅಂಕಿ ಒಂದು, ಬಟ್ಟೆ ಕತ್ತರಿಸುವ ಅಂಕಿ ಇನ್ನೊಂದು. ಪಕ್ಕದ ಊರಿನ ದೊಡ್ಡ ಅಂಗಡಿಗೆ ಹೋದರೆ ಸಿದ್ಧ ಉಡುಪಿನ ಚೀಟಿಯಲ್ಲಿ ನಲವತ್ತಮೂರು ಎಂದು ಕಣ್ಣಿಗೆ ರಾಚುತ್ತದೆ. ಇಲ್ಲಿ ಮದುವೆ ದಿನದ ಸೊಂಟ ಜೀವಮಾನವಿಡೀ ಸಿಗುತ್ತದೆ. ಇವನನ್ನು ಬಿಟ್ಟು ಯಾರು ತಾನೇ ಬೇರೆ ಕಡೆ ಹೋದಾರು?

ಅಂಟು ಒಣಗುವುದನ್ನೂ ಮರೆತು ಪುಟ ತಿರುವಿದೆ. ಬ್ಯಾಂಕಿನವರದು, ಔಷಧಿ ಅಂಗಡಿಯವಳದು, ಒಂದೊಂದಕ್ಕೂ ನಗು ಬರುತ್ತಿತ್ತು. ನನ್ನ ಪುಟವನ್ನು ಮಾತ್ರ ಕೊನೆಗೆ ನೋಡೋಣವೆಂದು ಬಿಟ್ಟಿದ್ದೆ. ಅಷ್ಟರಲ್ಲಿ 'ಡ್ರಾಯಿಂಗ್ ಮೇಷ್ಟ್ರು' ಎಂಬ ಪುಟ ಸಿಕ್ಕಿತು. ಅದು ನಮ್ಮ ಯಜಮಾನರದು.

ಬಾಯಿ: ಮೂವತ್ತಾರು, ಕೆಳಗಿನವರೆಗೂ ಅದೇ. ಮೈ: ಮೂವತ್ತಾರು, ಮೂವತ್ತೈದು, ಮೂವತ್ತನಾಲ್ಕು, ಮೂವತ್ತೆರಡೂವರೆ, ಮೂವತ್ತೊಂದೂವರೆ. ಕೊನೆಯ ನಾಲ್ಕು ಅಂಕಿಗಳ ಪಕ್ಕದಲ್ಲಿದ್ದ ತಾರೀಕುಗಳನ್ನು ನೋಡಿದೆ. ಒಂದೂವರೆ ವರ್ಷವೂ ಆಗಿರಲಿಲ್ಲ.

ಊರಿನ ಸೊಂಟವೆಲ್ಲ ಬೆಳೆಯುತ್ತಿದ್ದಾಗ ಇವರದೊಂದು ಕರಗುತ್ತಿತ್ತು. ಒಂದೇ ಮನೆಯಲ್ಲಿದ್ದೂ ನಾನು ಕಂಡಿರಲಿಲ್ಲ. ಕೆನ್ನೆ ಸ್ವಲ್ಪ ಇಳಿದದ್ದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆ. ಕೊಡಗಟ್ಟಲೆ ನೀರು ಕುಡಿಯುತ್ತಾರೆ, ಬೇಸಿಗೆ ಎಂದುಕೊಂಡಿದ್ದೆ. ಪ್ಯಾಂಟು ಜಾರಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಆದರೆ ಅವರ ಒಂದು ಪ್ಯಾಂಟೂ ಜಾರಿರಲಿಲ್ಲ.

ಪುಸ್ತಕವನ್ನು ಹಾಗೇ ಎತ್ತಿಕೊಂಡು ರಸ್ತೆ ದಾಟಿದೆ. ಒಂದು ಹಾಳೆ ಕೈಗೆ ಅಂಟಿಕೊಂಡೇ ಬಂತು.

"ಇದೇನಣ್ಣ?"

ಇಂಚಪ್ಪ ಪುಟ ನೋಡಿದ, ನನ್ನ ಮುಖ ನೋಡಿದ. ಓದಿದ್ದಕ್ಕೆ ಬೈಯುತ್ತಾನೆಂದುಕೊಂಡೆ. ಅವನು ಸ್ಟೂಲಿನ ಮೇಲೆ ಕುಸಿದು ಕೂತ.

"ಹೊಸದು ಸಣ್ಣಗೆ ಹೊಲಿದೆ. ಹಳೇವು ಜಿಪ್ಪಿಗೆ, ಮಡಿಕೆಗೆ ಅಂತ ಬಂದಾಗ ಅವನ್ನೂ ಚಿಕ್ಕದು ಮಾಡಿ ಕಳಿಸ್ದೆ."

"ನನಗೆ ಒಂದು ಮಾತು ಹೇಳ್ಬಾರದಿತ್ತಾ?"

"ದಪ್ಪ ಆದೋರಿಗೆ ಹೇಳಿದ್ರೆ ಬೇಜಾರಾಗ್ತಾರೆ ಅಂತ ಹೇಳ್ತಿರ್ಲಿಲ್ಲ. ಸಣ್ಣ ಆದೋರಿಗೆ ಹೇಳ್ಬೇಕು ಅಂತ ಹೊಳೀಲೇ ಇಲ್ಲ ಅಕ್ಕ. ಕೈಗೆ ಅದೇ ಅಭ್ಯಾಸ ಆಗಿಹೋಗಿತ್ತು."

ಕಿಟಕಿಯ ಬಳಿ ಅತ್ತಿಗೆ ಬಾಯಿಂದ ದಾರ ತೆಗೆದಳು. "ನಾನು ಹೇಳಿದ್ದೆ. ಮೇಷ್ಟ್ರ ಪ್ಯಾಂಟಿನ ಹೊಲಿಗೆ ಇದು ಮೂರನೇ ಸಲ ಬಿಚ್ತಿದ್ದೀರಿ ಅಂತ."

ನನಗೆ ಇಂಚಪ್ಪನ ಮೇಲೆ ಕೆಂಡದಂಥ ಕೋಪ ಬಂದಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೇ ಬಂದಿತ್ತು. ಬೇಕರಿಯವನ ಹೊಟ್ಟೆಯನ್ನು ಹದಿನೈದು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡಿದವಳು ಪಕ್ಕದಲ್ಲಿ ಕೂತು ಊಟ ಮಾಡುವವರನ್ನು ನೋಡಿರಲಿಲ್ಲ.

ಮರುದಿನ ಆಸ್ಪತ್ರೆಗೆ ಹೊರಟೆವು. "ನನಗೇನಾಗಿದೆ? ನನ್ನ ಸೊಂಟ ಮೂವತ್ತಾರು" ಎಂದು ಯಜಮಾನರು ಬಾಗಿಲಲ್ಲೇ ವಾದಕ್ಕಿಳಿದರು. ಇಂಚಪ್ಪ ಅಂಗಡಿ ಮುಚ್ಚಿ ಬಂದಿದ್ದ. "ಅಲ್ಲ ಮೇಷ್ಟ್ರೇ" ಎಂದಷ್ಟೇ ಹೇಳಿ ಅವರ ಚೀಲ ತೆಗೆದುಕೊಂಡ. ಸಕ್ಕರೆ ಕಾಯಿಲೆ, ಎರಡು ವರ್ಷದ್ದಾದರೂ ಇರಬೇಕು ಎಂದರು ಡಾಕ್ಟರು. ಕಣ್ಣಿನ ಹಿಂಭಾಗದಲ್ಲಿ ಅದು ಕೆಲಸ ಶುರುಮಾಡಿತ್ತು. "ಈಗ ಬಂದಿದ್ದೀರಿ, ದೃಷ್ಟಿ ಉಳಿಸಿಕೊಳ್ಳಬಹುದು. ಇನ್ನೊಂದು ವರ್ಷ ತಡವಾಗಿದ್ದರೆ ಈ ಮಾತು ಹೇಳುತ್ತಿರಲಿಲ್ಲ." ಚಿತ್ರ ಬರೆಯುವ ಮನುಷ್ಯ ತನ್ನ ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಆ ಮಾತು ಕೇಳಿದರು. ನನಗೆ ಅಳು ತಡೆಯಲಾಗಲಿಲ್ಲ.

ಸೂಜಿ, ಮಾತ್ರೆ, ಅಳೆದು ತಿನ್ನುವ ಊಟ. ಕಣ್ಣಿನ ಪರೀಕ್ಷೆಗೆ ಮೂರು ತಿಂಗಳಿಗೊಮ್ಮೆ ಹೋಗಿಬರುವುದು. ಹತ್ತು ತಿಂಗಳಾದ ಮೇಲೆ ಡಾಕ್ಟರು ಕಣ್ಣೊಳಗಿನ ಕಲೆ ಬೆಳೆದಿಲ್ಲ ಎಂದರು. ಅವತ್ತು ಯಜಮಾನರು ಹೊಸ ಪ್ಯಾಂಟಿನ ಬಟ್ಟೆ ಕೊಂಡರು. ನನಗೂ ಅಂಗಡಿಯಲ್ಲಿ ಹಾಕಿಕೊಳ್ಳುವ ಕೋಟಿಗೆ ಬಟ್ಟೆ ಆಯಿತು.

ಇಂಚಪ್ಪನ ಅಂಗಡಿಯಲ್ಲಿ ಬೇಕರಿಯವನೂ ಅಂಗಿ ಹೊಲಿಸಲು ಬಂದು ನಿಂತಿದ್ದ. ಇಂಚಪ್ಪ ಕೊರಳಿನ ಟೇಪು ತೆಗೆದು ಮೊದಲು ಯಜಮಾನರಿಗೆ ಹಿಡಿದ. ಹಳೆಯ ಗಿರಾಕಿಯ ಸೊಂಟಕ್ಕೆ ಅವನು ಅದನ್ನು ಸುತ್ತುವುದನ್ನು ನಾನು ನೋಡಿದ್ದು ಅದೇ ಮೊದಲು. ಎರಡು ಸಲ ಅಳೆದು, ಬೀದಿಗೆ ಕೇಳುವಂತೆ ಹೇಳಿದ. "ಮೂವತ್ಮೂರೂವರೆ. ಎರಡು ಇಂಚು ವಾಪಸ್ ಬಂದಿದೆ ಮೇಷ್ಟ್ರೇ." ಅತ್ತಿಗೆ ಸೂಜಿ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೇಜಿನ ಮೇಲಿದ್ದ ಹೊಸ ಪುಸ್ತಕದಲ್ಲಿ ಪುಟದ ನಡುವೆ ಗೆರೆ ಇರಲಿಲ್ಲ. ಅದನ್ನು ಕಂಡ ಬೇಕರಿಯವನು ಒಲೆಯ ಮೇಲೆ ಏನೋ ಇದೆ ಎಂದು ಗೊಣಗುತ್ತ ಕಾಲಿಗೆ ಬುದ್ಧಿ ಹೇಳಿದ.

"ಈಗ ನೀವು" ಎಂದ ಇಂಚಪ್ಪ ನನ್ನ ಕಡೆ ತಿರುಗಿ.

ಹಳೆಯ ಪುಸ್ತಕದಲ್ಲಿ ನನ್ನ ಪುಟವನ್ನು ನಾನು ಕೊನೆಗೂ ನೋಡಿರಲಿಲ್ಲ. ನನ್ನದು ಮೂವತ್ತೆರಡು, ಅದರಲ್ಲಿ ನನಗೆ ಯಾವತ್ತೂ ಅನುಮಾನವಿರಲಿಲ್ಲ. ಅವನು ಟೇಪು ಸುತ್ತಿದ. ಓದಿದ. ನನ್ನ ಮುಖ ನೋಡಿದ.

"ಹೇಳಿ ಅಣ್ಣ" ಎಂದೆ.

"ಮೂವತ್ತೊಂಬತ್ತು."

"ಇನ್ನೊಂದ್ಸಲ ಅಳೀರಿ" ಎಂದೆ ನಾನು, ಅಳತೆ ಮುಚ್ಚಿಟ್ಟದ್ದಕ್ಕೆ ಇದೇ ಜಾಗದಲ್ಲಿ ಜಗಳ ಕಾದವಳು. ಯಜಮಾನರು ಬಿದ್ದು ಬಿದ್ದು ನಕ್ಕರು. ನಕ್ಕು ನಕ್ಕು ಸಾಕಾಗಿ ಎರಡೂ ಕೈಯಿಂದ ಸೊಂಟ ಹಿಡಿದುಕೊಂಡರು. ಹಿಡಿದುಕೊಳ್ಳಲು ಈಗ ಅಲ್ಲಿ ಸೊಂಟ ಇತ್ತು.