ತೈಪಿಂಗ್‌ನ ಬ್ಯಾಂಡ್ ಮನೆಗೆ ಅತ್ತೆಯೊಂದಿಗೆ

ಶುಕ್ರವಾರ ಬೆಳಿಗ್ಗೆ ಕೌಲಾಲಂಪುರದ ಹೊರವಲಯದ ಪುಚೊಂಗ್‌ನ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಟ್ಯಾಕ್ಸಿ ಬಂದು ನಿಂತಾಗ ಅತ್ತೆ ಆಗಲೇ ಹಸಿರು ಇಳಕಲ್ ಸೀರೆ ಉಟ್ಟು, ಹೆಗಲಿಗೆ ಶಾಲು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ರೈಲಿನಲ್ಲಿ ಏಸಿ ಜೋರಾಗಿರುತ್ತದೆ ಎಂದು ನಾನೇ ಹೇಳಿದ್ದೆ. ಚಾಲಕ ತಮಿಳರವನು. ಇಬ್ಬರೇ ಹೆಂಗಸರು ಇಷ್ಟು ಬೇಗ ಎಲ್ಲಿಗೆ ಎಂದು ಕೇಳಿದ. ತೈಪಿಂಗ್‌ಗೆ, ಒಂದು ಹಳೆಯ ಫಿಲಿಪಿನೋ ಮನೆ ನೋಡಲು ಎಂದೆ. "ಮನೆ ನೋಡೋದಕ್ಕೆ ಅಷ್ಟು ದೂರಾನಾ?" ಎಂದು ಅವನು ಕನ್ನಡಿಯಲ್ಲಿ ನಮ್ಮನ್ನೊಮ್ಮೆ ನೋಡಿ ಗಾಡಿ ಹೊರಡಿಸಿದ.

ಈ ಪ್ರವಾಸ ಅತ್ತೆಯ ಒಂದು ಮಾತಿನಿಂದ ಹುಟ್ಟಿದ್ದು. ಗದಗಿನಿಂದ ಅವರು ಬಂದು ಎರಡು ತಿಂಗಳಾಗುತ್ತಾ ಬಂದಿತ್ತು. ಜೋಡಿ ಗೋಪುರ, ಗುಹೆ ದೇವಸ್ಥಾನ, ಸುಬಾಂಗ್ ಜಯಾದ ಮಾಲ್‌ಗಳು ಎಲ್ಲವನ್ನೂ ತೋರಿಸಿದ್ದೆವು. ಒಂದು ದಿನ ಊಟ ಮಾಡುತ್ತಾ ಅವರು, "ಮಾಲ್ ನೋಡಿ ನೋಡಿ ಸಾಕಾತು. ಯಾರದರ ಮನಿ ತೋರಸು. ಇಲ್ಲೀ ಜನ ಹೆಂಗ ಇರ್ತಾರ ನೋಡೂಣು" ಎಂದರು. ನಮಗೆ ಗೊತ್ತಿರುವ ಮನೆಗಳೆಲ್ಲ ನಮ್ಮಂಥವರ ಮನೆಗಳೇ. ಬೆಂಗಳೂರು, ಮೈಸೂರಿನಿಂದ ಬಂದ ಐಟಿಯವರು, ಅದೇ ಸೋಫಾ, ಅದೇ ಇಡ್ಲಿ ಕುಕ್ಕರ್. ಕಚೇರಿಯಲ್ಲಿ ನನ್ನ ಪಕ್ಕ ಕೂರುವ ಮನಿಲಾದ ಗೆಳತಿಯ ಮುಂದೆ ಇದನ್ನು ಹೇಳಿದಾಗ ಅವಳೇ ಈ ಮನೆಯ ಸುದ್ದಿ ಕೊಟ್ಟಳು. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಬ್ಯಾಂಡಿನಲ್ಲಿ ಬಾರಿಸಲು ಫಿಲಿಪೀನ್ಸ್‌ನಿಂದ ವಾದ್ಯಗಾರರನ್ನು ಕರೆಸಿದ್ದರಂತೆ. ಹಾಗೆ ಬಂದು ನೆಲೆನಿಂತ ಒಬ್ಬರ ಮರಿಮಕ್ಕಳು ಆ ಮನೆಯನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ, ಮೊದಲೇ ಹೇಳಿ ಹೋದರೆ ಮನೆ ತೋರಿಸಿ ಹಳೆಯ ಪದ್ಧತಿಯ ತಿಂಡಿ ಕೊಡುತ್ತಾರೆ ಎಂದಳು.

ನನ್ನ ಗಂಡ ಪ್ರಶಾಂತ್ ಕೆಲಸದ ಮೇಲೆ ಜೊಹೊರ್‌ಗೆ ಹೋಗಿದ್ದ. ಮಗಳು ಶಾಲೆಯ ಶಿಬಿರಕ್ಕೆ ಹೋಗಿದ್ದಳು. ಹೀಗಾಗಿ ನಾನು, ಅತ್ತೆ ಇಬ್ಬರೇ. ಮದುವೆಯಾಗಿ ಹದಿನಾರು ವರ್ಷವಾದರೂ ನಾವಿಬ್ಬರೇ ಎಲ್ಲಿಗೂ ಹೋದವರಲ್ಲ. ನಮ್ಮ ನಡುವೆ ಜಗಳವೇನೂ ಇರಲಿಲ್ಲ, ಆದರೆ ಮಾತೂ ಹೆಚ್ಚಿರಲಿಲ್ಲ. ನಾನು ಮೈಸೂರಿನವಳು, ಅವರ ಮಾತಿಗೆ ನಗಬೇಕೋ ಹೆದರಬೇಕೋ ಎಂದು ಇವತ್ತಿಗೂ ಒಮ್ಮೊಮ್ಮೆ ತಿಳಿಯುವುದಿಲ್ಲ.

ಕೌಲಾಲಂಪುರದ ದೊಡ್ಡ ನಿಲ್ದಾಣದಿಂದ ಉತ್ತರಕ್ಕೆ ಹೋಗುವ ವೇಗದ ರೈಲು. ಒಬ್ಬರಿಗೆ ಐವತ್ತು ರಿಂಗಿಟ್ ಆಸುಪಾಸು ಟಿಕೆಟ್, ಮೂರು ಗಂಟೆಗೂ ಮಿಕ್ಕಿದ ಪ್ರಯಾಣ. ನಿಲ್ದಾಣದ ಬಳಿಯ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ರೊಟ್ಟಿ ಚನಾಯ್ ಕಟ್ಟಿಸಿಕೊಂಡೆ. ಅತ್ತೆ ಅದನ್ನು ಹರಿದು ನೋಡಿ, "ಮೈದಾದ ಚಪಾತಿ. ಆದ್ರ ಪದರು ಚೊಲೊ ಬಂದಾವ" ಎಂದು ಪೂರ್ತಿ ತಿಂದರು. ಇಪೊ ದಾಟಿದ ಮೇಲೆ ಬಿಳಿ ಸುಣ್ಣಕಲ್ಲಿನ ಗುಡ್ಡಗಳು ಸಾಲಾಗಿ ಬಂದವು, ಆಮೇಲೆ ಕಾಡು, ಒಂದು ಸುರಂಗ. ಸುರಂಗದಿಂದ ಹೊರಬಿದ್ದಾಗ ಕಿಟಕಿಯ ಮೇಲೆ ಮಳೆ ಬೀಳುತ್ತಿತ್ತು. ಈ ದೇಶದಲ್ಲಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ತೈಪಿಂಗ್ ಒಂದು ಎಂದು ಗೆಳತಿ ಎಚ್ಚರಿಸಿದ್ದಳು.

ತೈಪಿಂಗ್‌ನಲ್ಲಿ ರೈಲು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಾನು ಎರಡೂ ಚೀಲ ಹಿಡಿದು ಬಾಗಿಲ ಹತ್ತಿರ ಮೊದಲೇ ಹೋಗಿ ನಿಂತೆ. ಅತ್ತೆ ನನ್ನ ಬೆನ್ನ ಹಿಂದೆಯೇ ಇದ್ದರು. ಬಾಗಿಲು ತೆರೆಯಿತು, ಇಳಿದೆ, ಅವರ ಕೈ ಹಿಡಿದು ಇಳಿಸಲೆಂದು ಚೀಲ ಕೆಳಗಿಟ್ಟು ತಿರುಗಿದೆ. ಅವರಿರಲಿಲ್ಲ. ಗಾಜಿನಾಚೆ ಸೀಟುಗಳ ನಡುವೆ ಹಸಿರು ಸೀರೆಯ ಬೆನ್ನು ಕಾಣಿಸಿತು. ಶಾಲು ಸೀಟಿನ ಮೇಲೆ ಮರೆತಿದ್ದರು, ತರಲು ಹೋಗಿದ್ದರು. ನಾನು ಕೂಗುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು. ರೈಲಿನ ಪಕ್ಕದಲ್ಲಿ ಓಡಿದೆ, ಗಾಜು ಬಡಿದೆ. ಅತ್ತೆ ತಿರುಗಿ ನನ್ನನ್ನು ನೋಡಿದರು. ಅವರ ಬಾಯಿ ಏನೋ ಹೇಳುತ್ತಿತ್ತು. ಪ್ಲಾಟ್‌ಫಾರ್ಮ್ ಮುಗಿಯುವವರೆಗೂ ಓಡಿದೆ.

ಅವರ ಫೋನ್ ನನ್ನ ಕೈಚೀಲದಲ್ಲಿ ಚಾರ್ಜಿಗೆ ಹಾಕಿತ್ತು. ಅವರಿಗೆ ನನ್ನ ನಂಬರ್ ಬಾಯಿಪಾಠ ಇಲ್ಲ. ಕನ್ನಡ ಬಿಟ್ಟರೆ ಟಿವಿಯಿಂದ ಕಲಿತ ಅಷ್ಟಿಷ್ಟು ಹಿಂದಿ. ಆ ರೈಲು ಹೋಗುವುದು ಥಾಯ್ಲೆಂಡಿನ ಗಡಿಯವರೆಗೆ.

ಟಿಕೆಟ್ ಕೌಂಟರಿನವರು ನನ್ನ ಮುಖ ನೋಡಿಯೇ ಎದ್ದು ನಿಂತರು. ರೈಲಿನ ಸಿಬ್ಬಂದಿಗೆ ಫೋನ್ ಮಾಡಿ, ಹಸಿರು ಸೀರೆಯ ಅಜ್ಜಿಯನ್ನು ಮುಂದಿನ ನಿಲ್ದಾಣ ಪಾರಿತ್ ಬುಂತಾರ್‌ನಲ್ಲಿ ಇಳಿಸಿ ಅಲ್ಲೇ ಕೂರಿಸಿ ಎಂದು ಹೇಳಿದರು. ಅಷ್ಟರಲ್ಲಿ ಹೊರಗಿನಿಂದ ಕೊಡೆ ಹಿಡಿದ ಒಬ್ಬ ಹೆಂಗಸು ಬಂದರು. ಬಿಳಿಗೂದಲು, ಹೂವಿನ ಫ್ರಾಕು, ಕಾಲಿಗೆ ರಬ್ಬರ್ ಚಪ್ಪಲಿ. ನಮ್ಮನ್ನು ಕರೆದೊಯ್ಯಲು ಬಂದಿದ್ದ ಕಾರ್ಮೆನ್ ಆಂಟಿ ಅವರು. ಆ ಮನೆಯ ಇಬ್ಬರು ಅಕ್ಕತಂಗಿಯರಲ್ಲಿ ಕಿರಿಯರು. ನಾನು ಅಳುತ್ತಲೇ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ.

"ಕಾರು ಹತ್ತು ಲಾ," ಎಂದರು ಅವರು, ಮಾತಿನ ಕೊನೆಗೆ 'ಲಾ' ಸೇರಿಸುವ ಇಲ್ಲಿನವರ ಧಾಟಿಯಲ್ಲಿ. "ಅಳೋದನ್ನು ಕಾರಲ್ಲೇ ಮುಂದುವರಿಸಬಹುದು."

ಆ ಪುಟ್ಟ ಹಳೆಯ ಕಾರಿನಲ್ಲಿ ಪಾರಿತ್ ಬುಂತಾರ್‌ಗೆ ಮುಕ್ಕಾಲು ಗಂಟೆಯ ದಾರಿ. ಎರಡೂ ಕಡೆ ಎಣ್ಣೆತಾಳೆಯ ತೋಟ, ಆಮೇಲೆ ಚಪ್ಪಟೆಯಾಗಿ ಹರಡಿದ ಭತ್ತದ ಗದ್ದೆಗಳು. ಬೇರೆ ದಿನವಾಗಿದ್ದರೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದೆ. ಪ್ರಶಾಂತ್‌ಗೆ ಹೇಳಬೇಕೆಂದು ಫೋನ್ ತೆಗೆದೆ, ಇಟ್ಟೆ, ಮತ್ತೆ ತೆಗೆದೆ. "ಸಿಕ್ಕಿದ ಮೇಲೆ ಹೇಳು. ಜೊಹೊರ್‌ನಲ್ಲಿ ಕೂತು ಅವನೇನು ಮಾಡ್ತಾನೆ?" ಎಂದರು ಕಾರ್ಮೆನ್ ಆಂಟಿ. ಅತ್ತೆಗೆ ರಕ್ತದೊತ್ತಡವಿದೆ, ಮಾತ್ರೆಯೂ ನನ್ನ ಚೀಲದಲ್ಲೇ ಇದೆ ಎಂದೆ. ಅವರು ಕಾರಿನ ವೇಗ ಹೆಚ್ಚಿಸಿದರು.

ಪಾರಿತ್ ಬುಂತಾರ್ ನಿಲ್ದಾಣದ ಬೆಂಚುಗಳ ಮೇಲೆ ಯಾರೂ ಇರಲಿಲ್ಲ. ಅಲ್ಲಿನ ನೌಕರ ಹೇಳಿದ: "ಹೌದು, ಹಸಿರು ಸೀರೆಯವರು ಇಳಿದರು. ಕೂರಿ ಎಂದು ಕುರ್ಚಿ ತೋರಿಸಿದೆ. ಜೊತೆಗೆ ಒಬ್ಬ ತಮಿಳು ಹೆಂಗಸು ಇದ್ದಳು, ಇಬ್ಬರೂ ಸಂಬಂಧಿಕರ ಹಾಗೆ ಮಾತಾಡುತ್ತಿದ್ದರು. ನಾನು ಇನ್ನೊಂದು ಫೋನ್ ಎತ್ತಿ ತಿರುಗಿ ನೋಡುವಷ್ಟರಲ್ಲಿ ಇಬ್ಬರೂ ಕಾರು ಹತ್ತಿ ಹೋಗಿದ್ದರು."

ಯಾವ ಕಾರು? ಬಿಳಿಯದು ಇರಬೇಕು. ಯಾವ ಕಡೆಗೆ? ಗೊತ್ತಿಲ್ಲ.

ನಾನು ಆ ಖಾಲಿ ಕುರ್ಚಿಯಲ್ಲಿ ಕುಸಿದು ಕೂತೆ. ಅತ್ತೆಯ ಕೈಯಲ್ಲಿ ನಾಲ್ಕು ಬಂಗಾರದ ಬಳೆಗಳಿದ್ದವು. ತೆಗೆದಿಟ್ಟು ಬನ್ನಿ ಎಂದು ಬೆಳಿಗ್ಗೆ ಹೇಳಬೇಕೆಂದುಕೊಂಡು, ಏನೆಂದುಕೊಳ್ಳುತ್ತಾರೋ ಎಂದು ಸುಮ್ಮನಾಗಿದ್ದೆ. ಅರ್ಧ ಗಂಟೆ ಸುತ್ತಮುತ್ತ ಹುಡುಕಿದರೂ ಸಿಗದೆ, ಪೊಲೀಸ್ ಠಾಣೆ ಎಲ್ಲಿದೆ ಎಂದು ಕಾರ್ಮೆನ್ ಆಂಟಿ ವಿಚಾರಿಸುತ್ತಿದ್ದಾಗಲೇ ಅವರ ಫೋನ್ ರಿಂಗಾಯಿತು. ಕಿವಿಗಿಟ್ಟುಕೊಂಡು ಕೇಳಿದರು. ಮುಖ ನಿಧಾನವಾಗಿ ಅರಳಿತು. ನನ್ನ ಭುಜ ಹಿಡಿದು ಅಲ್ಲಾಡಿಸಿದರು.

"ನಿನ್ನ ಅತ್ತೆ ನಮ್ಮ ಅಡುಗೆಮನೆಯಲ್ಲಿ ಕೂತಿದ್ದಾರಂತೆ. ನಾವು ಎಲ್ಲಿಗೆ ಹೋದೆವು ಅಂತ ಕೇಳ್ತಿದ್ದಾರಂತೆ."

ವಾಪಸ್ ದಾರಿಯಲ್ಲಿ ಅದೇ ಗದ್ದೆಗಳು ಎಷ್ಟು ಹಸಿರಾಗಿ ಕಂಡವೆಂದರೆ, ಬಂದದ್ದು ಈ ದಾರಿಯಲ್ಲೇ ಹೌದಾ ಎಂದು ಕೇಳಿಬಿಟ್ಟೆ. ಕಾರ್ಮೆನ್ ಆಂಟಿ ಗಟ್ಟಿಯಾಗಿ ನಕ್ಕರು. ಮಳೆಯೂ ನಿಂತಿತ್ತು.

ಮನೆ ತೈಪಿಂಗ್‌ನ ಕೆರೆ ತೋಟದ ಹಿಂದಿನ ಬೀದಿಯಲ್ಲಿದೆ. ಹಳೆಯ ಮಳೆಮರಗಳು ರಸ್ತೆ ದಾಟಿ ಕೊಂಬೆಗಳನ್ನು ನೀರಿಗೆ ಇಳಿಬಿಟ್ಟಿರುತ್ತವೆ, ಅವುಗಳ ಕೆಳಗೇ ಕಾರು ಹೋಯಿತು. ಮನೆಯ ಕೆಳಭಾಗ ಇಟ್ಟಿಗೆಯದು, ಮೇಲ್ಭಾಗ ಪೂರ್ತಿ ಮರದ್ದು. ನಾನು ಅದ್ಯಾವುದನ್ನೂ ನೋಡದೆ ನೇರ ಹಿಂದಿನ ಅಡುಗೆಮನೆಗೆ ಓಡಿದೆ.

ಅತ್ತೆ ಒಂದು ಎತ್ತರದ ಲೋಹದ ಪಾತ್ರೆಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಅದರೊಳಗಿನ ಮರದ ಕಡಗೋಲನ್ನು ಎರಡು ಅಂಗೈಗಳಲ್ಲಿ ತಿರುವುತ್ತಿದ್ದರು. ಎದುರಿಗೆ ಕಾರ್ಮೆನ್ ಆಂಟಿಯ ಅಕ್ಕ, ಎಂಬತ್ತು ದಾಟಿದ ಲೂಸಿ, ಕೈಯಲ್ಲಿ ಸೌಟು ಹಿಡಿದು ಮೇಲ್ವಿಚಾರಣೆ ಮಾಡುತ್ತಿದ್ದರು. ನಾನು ಹೋಗಿ ಅತ್ತೆಯ ತೋಳು ಹಿಡಿದುಕೊಂಡೆ.

"ಯಾಕ ಅಳಾಕತ್ತೀ? ಇಲ್ಲೇ ಅದೀನಲ್ಲ," ಎಂದರು ಅತ್ತೆ. ಆಮೇಲೆ, "ಸ್ವಲ್ಪ ಸರಿ, ನೊರಿ ಬರಾಕತ್ತೈತಿ. ನಿಂತ್ರ ಗಂಟು ಕಟ್ಟತೈತಿ."

ಆದದ್ದು ಇಷ್ಟು. ರೈಲಿನಲ್ಲಿ ಪಕ್ಕದ ಸಾಲಿನಲ್ಲಿದ್ದ ಸೆಲ್ವಿ ಎಂಬಾಕೆ ಅತ್ತೆಯನ್ನು ಕೂರಿಸಿ ನೀರು ಕೊಟ್ಟಳಂತೆ. ಅತ್ತೆ ಕನ್ನಡದಲ್ಲಿ, ಆಕೆ ತಮಿಳಿನಲ್ಲಿ. ನಾನು ವಾರವಿಡೀ ಫೋನಿನಲ್ಲಿ ಆಡಿದ್ದ ಮಾತುಗಳಲ್ಲಿ ಮೂರು ಅತ್ತೆಯ ತಲೆಯಲ್ಲಿ ಉಳಿದಿದ್ದವು: ತೈಪಿಂಗ್, ಫಿಲಿಪಿನೋ, ಬ್ಯಾಂಡ್. ಅವನ್ನೇ ಹೇಳಿ, ಬಾಯಿಗೆ ಕೈಯಿಟ್ಟು ತುತ್ತೂರಿ ಊದಿ ತೋರಿಸಿದರು. ಸೆಲ್ವಿ ಓದಿದ್ದು ತೈಪಿಂಗ್‌ನಲ್ಲಿ, ದಿನಾ ಶಾಲೆಗೆ ಈ ಮನೆಯ ಮುಂದೆಯೇ ಹೋಗುತ್ತಿದ್ದವಳು. ಊರಿನವರೆಲ್ಲ ಇದನ್ನು ಬ್ಯಾಂಡ್ ಮನೆ ಎಂದೇ ಕರೆಯುತ್ತಾರೆ. ಅವಳನ್ನು ಕರೆದೊಯ್ಯಲು ಬಂದಿದ್ದ ಗಂಡ, ಅವಳ ಮಾತಿನಂತೆ ಕಾರನ್ನು ಇತ್ತ ತಿರುಗಿಸಿದ. ನಿಲ್ದಾಣದವನಿಗೂ ಅವಸರದಲ್ಲಿ ತಮಿಳಿನಲ್ಲೇ ಹೇಳಿ ಹೊರಟಿದ್ದಳಂತೆ. ಅವನು ಮಲಯ್ ಹುಡುಗ, ಫೋನ್ ಬೇರೆ ಹಿಡಿದಿದ್ದ. ನಾವು ಬರುವಷ್ಟರಲ್ಲಿ ಗಂಡ ಹೆಂಡತಿ ಹೊರಟುಹೋಗಿದ್ದರು. ಲೂಸಿಯ ಬಳಿ ಬಿಟ್ಟುಹೋಗಿದ್ದ ನಂಬರಿಗೆ ಫೋನ್ ಮಾಡಿ ಧನ್ಯವಾದ ಹೇಳಲು ಹೋದರೆ ಸೆಲ್ವಿ, "ಅಕ್ಕಾ, ನಿಮ್ಮ ಮಾಮಿ ದಾರಿಯುದ್ದಕ್ಕೂ ನನ್ನನ್ನೇ ಸಮಾಧಾನ ಮಾಡ್ತಿದ್ರು" ಎಂದು ನಕ್ಕಳು.

ಪ್ರಶಾಂತ್‌ಗೆ ಫೋನ್ ಮಾಡಿ ಅಂಜುತ್ತಾ ಶುರು ಮಾಡಿದೆ. ಅತ್ತೆ ಫೋನ್ ಕಸಿದುಕೊಂಡರು. "ನಾನಽ ಶಾಲು ತರಾಕ ಹೊಳ್ಳಿ ಹೋಗಿದ್ದೆ. ಆಕೀಗೆ ಏನೂ ಅನ್ನಬ್ಯಾಡ. ಊಟಾ ಮಾಡಿದ್ಯಾ?" ಎಂದು ಕೇಳಿ ಇಟ್ಟುಬಿಟ್ಟರು.

ತಿಂಡಿಯನ್ನು ಮೇಲಿನ ಕೋಣೆಯ ಉದ್ದನೆಯ ಮೇಜಿಗೆ ತಂದರು. ಅವರು ಇದನ್ನು ಮೆರಿಯೆಂಡಾ ಎನ್ನುತ್ತಾರೆ, ಊಟಗಳ ನಡುವಿನ ಉಪಾಹಾರ. ಮೊಟ್ಟೆ ಆಗದೆಂದು ಮೊದಲೇ ಹೇಳಿದ್ದರಿಂದ ಕೇಕು ಬಿಟ್ಟು ಸುಮಾನ್ ಮಾಡಿದ್ದರು. ಅಂಟಕ್ಕಿಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ಬಾಳೆಲೆಯಲ್ಲಿ ಬೆರಳುದ್ದ ಸುತ್ತಿದ ಕಡುಬು, ಮೇಲೆ ತಾಳೆಬೆಲ್ಲದ ಪಾಕ. ಶುಂಠಿಯ ಬಿಸಿ ಕಷಾಯ. ಅತ್ತೆ ಕಡೆದಿದ್ದು ಚಾಕೊಲೇಟ್. ಕೋಕೋ ಬೀಜ ಹುರಿದು ಅರೆದು ಮಾಡಿದ ಬಿಲ್ಲೆಗಳನ್ನು ಹಾಲಿನಲ್ಲಿ ಕರಗಿಸಿ, ನೊರೆ ಏಳುವವರೆಗೆ ಕಡೆದದ್ದು. ದಪ್ಪಗೆ, ಸ್ವಲ್ಪ ಕಹಿಯಾಗಿ, ನಾಲಿಗೆಗೆ ತರಿತರಿಯಾಗಿತ್ತು. ಬೆಳಗಿನ ರೊಟ್ಟಿಯ ಮೇಲೆ ನಾನು ಏನೂ ತಿಂದಿರಲಿಲ್ಲ. ಎಷ್ಟು ಸುಮಾನ್ ತಿಂದೆನೋ ಲೆಕ್ಕವಿಲ್ಲ. ಲೂಸಿ ಎಲೆ ಬಿಡಿಸಿ ಬಿಡಿಸಿ ನನ್ನ ತಟ್ಟೆಗೆ ಹಾಕುತ್ತಲೇ ಇದ್ದರು.

ಹೊಟ್ಟೆ ತುಂಬಿದ ಮೇಲಷ್ಟೇ ನನಗೆ ಮನೆ ಕಂಡಿತು. ಕಿಟಕಿಗಳಿಗೆ ಗಾಜಿಲ್ಲ. ಮರದ ಚೌಕಗಳಲ್ಲಿ ತೆಳುವಾದ ಕಡಲಚಿಪ್ಪಿನ ಬಿಲ್ಲೆಗಳನ್ನು ಕೂರಿಸಿದ ಸರಿಸುವ ಬಾಗಿಲುಗಳು, ಬೆಳಕು ಅವುಗಳ ಮೂಲಕ ಮಜ್ಜಿಗೆಯ ಬಣ್ಣದಲ್ಲಿ ಒಳಗೆ ಬರುತ್ತದೆ. ನೆಲದ ಹಲಗೆಗಳು ಬರಿಗಾಲಿಗೆ ತಣ್ಣಗೆ, ನುಣ್ಣಗೆ. ಮುತ್ತಜ್ಜ ಕಾರ್ನೆಟ್ ಎಂಬ ಸಣ್ಣ ತುತ್ತೂರಿ ಊದುತ್ತಿದ್ದವರು. ಅದು ಗಾಜಿನ ಪೆಟ್ಟಿಗೆಯಲ್ಲಿದೆ. ಕೆರೆಯ ದಂಡೆಯಲ್ಲಿ ಸಂಜೆ ಬ್ಯಾಂಡು ನುಡಿಸುತ್ತಿದ್ದ ಕಾಲದಲ್ಲಿ ಅವರು ಇಲ್ಲಿನವರನ್ನೇ ಮದುವೆಯಾದರಂತೆ. ಮರದ ಕೆಲಸದ ಗುತ್ತಿಗೆಯಲ್ಲಿ ಏಳಿಗೆಯಾದ ಅವರ ಮಗ, ತಂದೆ ಬಾಯಲ್ಲಿ ಬಣ್ಣಿಸಿದ ಊರಿನ ಮನೆಯನ್ನು ಇಲ್ಲಿ ಕಟ್ಟಿಸಿದ. ಚಿಪ್ಪುಗಳು ಹಡಗಿನಲ್ಲಿ ಬಂದವು.

"ಮುತ್ತಜ್ಜ ಹೊಸ ಮನೆಯನ್ನು ಸುತ್ತಿ ನೋಡಿ, ಮೆಟ್ಟಿಲು ತಪ್ಪು ಕಡೆ ಇದೆ ಅಂದರಂತೆ," ಎಂದರು ಕಾರ್ಮೆನ್ ಆಂಟಿ. "ಆಮೇಲೆ ಸಾಯೋವರೆಗೂ ಆ ಮೆಟ್ಟಿಲ ಮೇಲೇ ಕೂತು ಊದುತ್ತಿದ್ದರು."

ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ಎದ್ದು ಹೋಗಿ ಆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಬಂದರು.

ಮನೆಯನ್ನು ಹೋಟೆಲ್ ಮಾಡಲು ಕೊಡಿ ಎಂದು ಕೇಳಿಬಂದವರು ಹಲವರು. ಅಕ್ಕತಂಗಿಯರು ಒಪ್ಪಿಲ್ಲ. ತಿಂಡಿಗೆಂದು ಬಂದವರು ಕೊಡುವ ಹಣ ಛಾವಣಿಯ ರಿಪೇರಿಗೆ ಹೋಗುತ್ತದೆ. ಮುಂದೆ ಹೇಗೆ ಎಂದು ಕೇಳಿದೆ. ತಮ್ಮನ ಮೊಮ್ಮಗಳೊಬ್ಬಳು ಮರಗೆಲಸ ಕಲಿಯಲು ಸೇರಿದ್ದಾಳೆ, ಬರುವ ವರ್ಷ ಇಲ್ಲಿಗೇ ಬರುತ್ತಾಳೆ ಎಂದರು ಲೂಸಿ. ಅದನ್ನು ಹೇಳುವಾಗ ಅವರು ಕುರ್ಚಿಗೆ ಒರಗಿ ಉಸಿರುಬಿಟ್ಟ ರೀತಿ ನನಗೆ ಅರ್ಥವಾಯಿತು. ಆ ದಿನ ನಾನೂ ಹಾಗೆ ಉಸಿರುಬಿಟ್ಟವಳು.

ಸಂಜೆಯ ರೈಲಿಗೆ ಅವರು ನಮ್ಮನ್ನು ಬಿಡಲಿಲ್ಲ. ಮೇಲಿನ ಕೋಣೆಯಲ್ಲಿ ಬೆತ್ತದ ಮಂಚ ಹಾಕಿಕೊಟ್ಟರು. ಬೆಳಿಗ್ಗೆ ಎದ್ದಾಗ ಅತ್ತೆ ಆಗಲೇ ಕೆಳಗೆ ಲೂಸಿಯ ಜೊತೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಒಬ್ಬರು ಕನ್ನಡದಲ್ಲಿ, ಒಬ್ಬರು ಮಲಯ್‌ನಲ್ಲಿ, ಬಹುಶಃ ಮೊಣಕಾಲು ನೋವಿನ ಬಗ್ಗೆ. ಹೊರಡುವಾಗ ಬಾಳೆಲೆಯ ಪೊಟ್ಟಣವೊಂದನ್ನು "ತಪಾವ್, ತಪಾವ್" (ಕಟ್ಟಿಕೊಂಡು ಹೋಗಿ) ಎಂದು ಲೂಸಿ ನಮ್ಮ ಚೀಲಕ್ಕೆ ತುರುಕಿದರು. ಕಾರು ತಿರುವಿಗೆ ಬಂದಾಗ ಹಿಂದಿರುಗಿ ನೋಡಿದೆ. ಮೇಲಿನ ಕಿಟಕಿಗಳನ್ನು ಯಾರೋ ಒಂದೊಂದಾಗಿ ಸರಿಸಿ ತೆರೆಯುತ್ತಿದ್ದರು.

ರೈಲಿನಲ್ಲಿ ಅತ್ತೆಯನ್ನು ಕಿಟಕಿಯ ಪಕ್ಕ ಕೂರಿಸಿ ನಾನು ಹೊರಗಿನ ಸೀಟಿನಲ್ಲಿ ಕೂತೆ. ರೈಲು ಸುರಂಗ ದಾಟಿತು. ಆಮೇಲೆ ಅವರು ನನ್ನ ಕಡೆ ನೋಡದೆ ಹೇಳಿದರು:

"ನಿನ್ನೆ ಬಾಗಲಾ ಮುಚ್ಚಿದಾಗ ನನಗ ಭಾಳ ಅಂಜಿಕಿ ಆತು. ಆದ್ರ ನೀ ಹೊರಗ ಓಡಾಕತ್ತಿದ್ದಿ ನೋಡು, ಕೂದಲಾ ಕೆದರಿ, ಚಪ್ಪಲಿ ಇಲ್ದ. ಈಕಿ ಎಲ್ಲಿದ್ರೂ ನನ್ನ ಹುಡಕತಾಳ ಅಂತ ಗೊತ್ತಾತು. ಆಮ್ಯಾಲ ಅಂಜಿಕಿ ಬರಲಿಲ್ಲ."

ಚಪ್ಪಲಿ ಯಾವಾಗ ಕಳಚಿತ್ತೋ ನನಗೇ ನೆನಪಿರಲಿಲ್ಲ. ಅವರ ಕೈ ಹಿಡಿದುಕೊಂಡೆ. ಇಪೊದ ಬಿಳಿ ಗುಡ್ಡಗಳು ಬರುವಷ್ಟರಲ್ಲಿ ಅವರು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋಗಿದ್ದರು. ಎಬ್ಬಿಸಬಾರದೆಂದು ಕೌಲಾಲಂಪುರದವರೆಗೂ ಅಲುಗಾಡದೆ ಕೂತಿದ್ದೆ.