ಕೊನೆಯ ಐದು ನಿಮಿಷ

ಕಳೆದ ವಾರ ನಮ್ಮ ನೋಯ್ಡಾದ ಫ್ಲ್ಯಾಟಿಗೆ ಬಡಗಿಯೊಬ್ಬ ಬಂದಿದ್ದ. ಮಳೆಗಾಲಕ್ಕೆ ಉಬ್ಬಿಕೊಂಡಿದ್ದ ಬಾಗಿಲನ್ನು ಕೆತ್ತಿ ಸರಿಮಾಡಿ, ಕೊನೆಗೆ ಚೀಲದಿಂದ ಮಾಸಲು ಬಾಟಲಿಯೊಂದನ್ನು ತೆಗೆದು, ಬಟ್ಟೆಯ ಚೂರಿಗೆ ಎಣ್ಣೆ ಸುರಿದುಕೊಂಡು ಮರಕ್ಕೆ ತಿಕ್ಕತೊಡಗಿದ. ಅಡುಗೆಮನೆಯಲ್ಲಿದ್ದ ನನ್ನ ಮೂಗಿಗೆ ಆ ವಾಸನೆ ಬಡಿದದ್ದೇ ತಡ, ಸೌಟು ಕೈಯಲ್ಲೇ ನಿಂತಿತು. ಅದು ಅಗಸೆ ಎಣ್ಣೆ. ತುಸು ಕಮಟು, ತುಸು ಸಿಹಿ, ಬಿಸಿಲಲ್ಲಿ ಕಾದ ಮರದಂಥ ವಾಸನೆ. ನಾನು ಒಳಗೆ ಹೋಗಿ ಕಪಾಟಿನ ಹಿಂದೆ ನಿಲ್ಲಿಸಿದ್ದ ಹಳೆಯ ಹಾಕಿ ಸ್ಟಿಕ್ಕನ್ನು ತಂದು, ಇದಕ್ಕೂ ಸ್ವಲ್ಪ ಹಚ್ಚಿಕೊಡು ಎಂದೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಮೇಡಂ, ಆಪ್ ಖೇಲ್ತೀ ಥೀ?" ಎಂದು ಕೇಳಿದ. "ನಹೀಂ ಭಯ್ಯಾ, ದೌಡ್ತೀ ಥೀ," ಎಂದೆ. ಆಡುತ್ತಿರಲಿಲ್ಲ, ಓಡುತ್ತಿದ್ದೆ. ಪಾಪ, ಅವನಿಗೆ ಏನೂ ಅರ್ಥವಾಗಲಿಲ್ಲ.

ಆ ಸ್ಟಿಕ್ಕು ಬೋಪಯ್ಯ ತಾತನದು. ನಾನು ಚಿಕ್ಕವಳಿದ್ದಾಗ ದೆಹಲಿಯ ಮುನಿರ್ಕಾದ ಒಂದು ಇಕ್ಕಟ್ಟು ಗಲ್ಲಿಯಲ್ಲಿ, ಕೆಳಗೆ ಜೆರಾಕ್ಸ್ ಅಂಗಡಿಯಿದ್ದ ಮನೆಯ ಮೊದಲ ಮಹಡಿಯಲ್ಲಿ ನಾವಿದ್ದೆವು. ಎರಡನೆಯ ಮಹಡಿಯಲ್ಲಿ ತಾತ ಮತ್ತು ಮುತ್ತವ್ವ ಅಜ್ಜಿ. ಅವರು ನಮಗೆ ನೆಂಟರೇನಲ್ಲ. ನಾವು ಹಾಸನದ ಕಡೆಯವರು, ಅವರು ಕೊಡಗಿನವರು. ಆದರೆ ದೆಹಲಿಯಲ್ಲಿ ಒಂದೇ ಮೆಟ್ಟಿಲು ಹತ್ತಿ ಇಳಿಯುವ ಕನ್ನಡದವರು ನೆಂಟರಿಗಿಂತ ಹೆಚ್ಚು. ತಾತ ಸೇನೆಯಲ್ಲಿ ಸುಬೇದಾರರಾಗಿದ್ದು, ತಮ್ಮ ರೆಜಿಮೆಂಟಿಗೆ ಹಾಕಿ ಆಡಿ, ನಿವೃತ್ತರಾದ ಮೇಲೆ ಒಂದು ಕಾಲೇಜಿನಲ್ಲಿ ಆಟದ ಸಾಮಾನಿನ ಕೋಣೆ ನೋಡಿಕೊಳ್ಳುತ್ತಿದ್ದರು. ಎರಡು ಗಂಟೆಗೆಲ್ಲ ಮನೆಗೆ ಬಂದುಬಿಡುತ್ತಿದ್ದರು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದುದರಿಂದ ಸ್ಕೂಲು ಮುಗಿಸಿ ನಾನು ನೇರ ಅವರ ಮನೆಗೇ ಹತ್ತುತ್ತಿದ್ದೆ. ಅವರಿಬ್ಬರೇ ಇದ್ದಾಗ ಕೊಡವ ತಕ್ಕ್, ನಾನು ಕಾಲಿಟ್ಟ ಕೂಡಲೇ ಕನ್ನಡ. ಅಜ್ಜಿ ಬೇಯಿಸುವ ಅಕ್ಕಿಯುಂಡೆ ಕಡಂಬುಟ್ಟಿನ ಹಬೆ, ಗೋಡೆಗೊರಗಿದ ಸ್ಟಿಕ್ಕಿನ ಎಣ್ಣೆ ವಾಸನೆ, ಚಳಿಗಾಲದಲ್ಲಿ ಕಿಟಕಿಯಿಂದ ಬೀಳುವ ಒಂದು ಚಾಪೆಯಗಲದ ಬಿಸಿಲು, ಇಷ್ಟರಲ್ಲಿ ನಾನು ಬೆಳೆದೆ.

ಹಾಕಿ ಅಭಿಮಾನಿಯಾಗುವುದೆಂದರೆ ಏನು ಎಂದು ಆ ಕಾಲದಲ್ಲಿ ಆಗಿದ್ದವರಿಗಷ್ಟೇ ಗೊತ್ತು. ಗಲ್ಲಿಯೆಲ್ಲ ಕ್ರಿಕೆಟ್ಟು. ಹಾಕಿ ಬರುವ ಚಾನೆಲ್ಲನ್ನು ಕೇಬಲ್‌ನವನು ಹಾಕುತ್ತಲೇ ಇರಲಿಲ್ಲ. ತಾತ ಫೋನು ಮಾಡಿ ತಮ್ಮ ಫೌಜಿ ಹಿಂದಿಯಲ್ಲಿ ಗದರಿಸುತ್ತಿದ್ದರು. "ಕೌನ್ ದೇಖ್ತಾ ಹೈ ಅಂಕಲ್?" ಯಾರು ನೋಡುತ್ತಾರೆ ಎಂದು ಅವನು. "ಹಮ್ ದೇಖ್ತಾ ಹೈ! ತೀನ್ ಆದ್ಮೀ!" ಎಂದು ಇವರು. ನೋಡುವ ಆ ಮೂರು ಜನರಲ್ಲಿ ನಾನೂ ಒಬ್ಬಳೆಂಬ ಹೆಮ್ಮೆಗೆ ನನ್ನ ಎದೆ ಉಬ್ಬುತ್ತಿತ್ತು. ಇಷ್ಟೆಲ್ಲ ಗುದ್ದಾಡಿ ಹಾಕಿಸಿಕೊಂಡ ಪಂದ್ಯವನ್ನು ತಾತ ಪೂರ್ತಿ ನೋಡಿದ್ದನ್ನು ಮಾತ್ರ ನಾನು ಕಾಣೆ. ಕೊನೆಯ ಐದು ನಿಮಿಷವಿದೆ ಎನ್ನುವಾಗ ಎದ್ದು, ಚಪ್ಪಲಿ ಮೆಟ್ಟಿಕೊಂಡು ತಾರಸಿಗೆ ಹೋಗಿಬಿಡುತ್ತಿದ್ದರು. ನಮ್ಮ ತಂಡ ಅಷ್ಟು ಹೊತ್ತು ಹುಲಿಯ ಹಾಗೆ ಆಡಿ ಕೊನೆಯ ಗಳಿಗೆಯಲ್ಲಿ ಗೋಲು ಬಿಟ್ಟುಕೊಡುವುದನ್ನು ಅವರು ಎಷ್ಟು ಸಲ ನೋಡಿದ್ದರೋ. "ನನ್ನ ಕಣ್ಣೇ ಸರಿಯಿಲ್ಲ. ನಾನಿದ್ರೆ ಗೋಲ್ ಬೀಳತ್ತೆ," ಎನ್ನುತ್ತಿದ್ದರು. ಕ್ರಿಕೆಟ್ ಆಗಿದ್ದರೆ ಸುತ್ತಲ ಮನೆಗಳ ಕೂಗಿನಿಂದಲೇ ಫಲಿತಾಂಶ ತಿಳಿಯುತ್ತಿತ್ತು. ಹಾಕಿಗೆ ಕೂಗುವವರು ಯಾರು? ಹಾಗಾಗಿ ಆ ಕೆಲಸ ನನಗೆ ಬಂತು. ಯುದ್ಧದಲ್ಲಿ ಒಂದು ತುಕಡಿಯಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವವನನ್ನು ರನ್ನರ್ ಅನ್ನುತ್ತಾರಂತೆ. ನಾನು ತಾತನ ರನ್ನರ್.

ಅಜ್ಜಿ ಬಟಾಣಿ ಸುಲಿಯುತ್ತಲೋ ಸ್ವೆಟರ್ ಹೆಣೆಯುತ್ತಲೋ ಕೊನೆಯವರೆಗೂ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಸೀಟಿ ಊದಿದ ಕೂಡಲೇ ನಾನು ಹದಿನೆಂಟು ಮೆಟ್ಟಿಲು ಹತ್ತಿ ತಾರಸಿಗೆ ಓಡಬೇಕು. ತಾತ ನೀರಿನ ಟ್ಯಾಂಕಿನ ಪಕ್ಕ, ಬೆನ್ನ ಹಿಂದೆ ಕೈಕಟ್ಟಿ, ಆ ಕಡೆ ಮುಖ ಮಾಡಿ ನಿಂತಿರುತ್ತಿದ್ದರು. "ರನ್ನರ್, ರಿಪೋರ್ಟ್!" ಎನ್ನುವರು. ಮೊದಮೊದಲು ನಾನು, "ತಾತಾ, ಜೀತ್ ಗಯೇ!" ಎಂದು ಗೆದ್ದ ಸುದ್ದಿಯನ್ನು ಹಿಂದಿಯಲ್ಲೇ ಕಿರುಚುತ್ತಿದ್ದೆ. "ಕನ್ನಡದಲ್ಲಿ ಕೊಡು ರಿಪೋರ್ಟು. ಎಷ್ಟಕ್ಕೆ ಎಷ್ಟು? ಯಾರು ಹೊಡೆದ್ರು?" ನನಗೆ ಇಂದು ಇಷ್ಟು ಕನ್ನಡ ಬರುವುದು ಆ ತಾರಸಿಯ ಕೃಪೆ. ಇನ್ನೊಂದು ನಿಯಮವೂ ಇತ್ತು. "ರನ್ನರ್ ಸುದ್ದಿ ಬದಲಾಯಿಸಬಾರದು. ಸೋತಿದ್ರೆ ಸೋತ್ವಿ ಅನ್ಬೇಕು, ಗೊತ್ತಾಯ್ತಾ?" ಎಂದು ತಾತ ಮೊದಲ ದಿನವೇ ಹೇಳಿದ್ದರು. ಗೆದ್ದ ದಿನ ಗಲ್ಲಿಯ ತುದಿಯ ಹಲ್ವಾಯಿಯಿಂದ ಬಿಸಿ ಜಿಲೇಬಿ. ಸೋತ ದಿನ, ಅಂಥ ದಿನಗಳೇ ಹೆಚ್ಚು, ತಾತ ಕೆಳಗಿಳಿದು ಸ್ಟಿಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಅಗಸೆ ಎಣ್ಣೆ ತಿಕ್ಕುತ್ತಾ ಕೂರುತ್ತಿದ್ದರು. ಆಡದ ಸ್ಟಿಕ್ಕು ಅಷ್ಟು ಮಿರಮಿರ ಮಿಂಚುತ್ತಿದ್ದುದು ನಮ್ಮ ತಂಡದ ದಯೆಯಿಂದ.

ನನಗೆ ಹನ್ನೊಂದು ತುಂಬಿದ ಚಳಿಗಾಲದಲ್ಲಿ ಅಜ್ಜಿಯ ಹೊಟ್ಟೆಯಲ್ಲಿ ಗಡ್ಡೆಯಿದೆಯೆಂದು ತಿಳಿಯಿತು. ಆಪರೇಷನ್ನಿಗೆ ದಿನ ಗೊತ್ತಾಯಿತು. ಅದರ ಹಿಂದಿನ ಮಧ್ಯಾಹ್ನವೇ ಒಂದು ಟೂರ್ನಿಯ ಫೈನಲ್. ತಾತ ಹರಕೆ ಗಿರಕೆ ಎಂದು ನಂಬುವವರಲ್ಲ. ಅಂಥವರು ಅಂದು ಬೆಳಿಗ್ಗೆ ಮೆಟ್ಟಿಲ ಬಳಿ ಅಪ್ಪನ ಕೈ ಹಿಡಿದುಕೊಂಡು, "ಇವತ್ತು ಗೆದ್ರೆ ನಾಳೆ ಇವಳದೂ ಸರಿಹೋಗತ್ತೆ ಸಾರ್. ನನ್ನ ಮನಸ್ಸು ಹೇಳ್ತಾ ಇದೆ," ಎಂದದ್ದನ್ನು ನಾನು ಬಾಗಿಲ ಹಿಂದಿನಿಂದ ಕೇಳಿಸಿಕೊಂಡೆ. ಅವರ ದನಿ ನಡುಗುತ್ತಿತ್ತು. ಅಷ್ಟು ದೊಡ್ಡ ಮನುಷ್ಯ ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಐದು ನಿಮಿಷ ಉಳಿದಿದ್ದಾಗ ನಾವು ಎರಡು–ಒಂದರಿಂದ ಮುಂದಿದ್ದೆವು. ತಾತ ಅಜ್ಜಿಯ ಕಡೆ ಒಮ್ಮೆ ನೋಡಿ ಮೇಲೆ ಹೋದರು. ಆಮೇಲೆ ನಡೆದದ್ದನ್ನು ಏನೆಂದು ಹೇಳಲಿ? ನಾಲ್ಕು ನಿಮಿಷದಲ್ಲಿ ಎರಡು ಗೋಲು ಬಿಟ್ಟುಕೊಟ್ಟರು. ಸೀಟಿ ಊದಿತು. ಬಟಾಣಿ ಬಿಡಿಸುತ್ತಿದ್ದ ಅಜ್ಜಿಯ ಕೈ ನಿಂತಿತು. ಶಾಲು ಸರಿಮಾಡಿಕೊಂಡು ಎದ್ದು ಟಿವಿ ಆರಿಸಿದರು. "ಹೋಗು ಮಗಳೇ, ಕಾಯ್ತಾ ಇರ್ತಾರೆ," ಎಂದರು, ಅಷ್ಟೇ. ಏನು ಹೇಳಬೇಕೆಂದು ಹೇಳಲಿಲ್ಲ. ನಾನು ಹತ್ತಿದೆ. ಹದಿನೆಂಟು ಮೆಟ್ಟಿಲು ಅಷ್ಟು ಎತ್ತರವಿದ್ದುದು ಅಂದು ಮಾತ್ರ. ತಾತ ಟ್ಯಾಂಕಿನ ಪಕ್ಕ ಎಂದಿನಂತೆ ನಿಂತಿದ್ದರು, ಬೆನ್ನ ಹಿಂದಿನ ಕೈಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದವು. "ರನ್ನರ್, ರಿಪೋರ್ಟ್," ಎಂದರು ಮೆಲ್ಲಗೆ. "ಗೆದ್ವಿ ತಾತ. ಎರಡು–ಒಂದು," ಎಂದುಬಿಟ್ಟೆ.

ಅವರ ಬೆನ್ನ ಹಿಂದಿನ ಬೆರಳುಗಳು ಬಿಡಿಸಿಕೊಂಡವು. ಆಮೇಲೆ ತಿರುಗಿ, ನನ್ನ ತಲೆಯ ಮೇಲೆ ಕೈಯಿಟ್ಟು, "ಶಾಬಾಶ್!" ಎಂದು ಕೂಗಿ ದಡದಡನೆ ಕೆಳಗಿಳಿದರು. "ಮುತ್ತವ್ವಾ, ಗೆದ್ವಂತೆ!" ನಾನು ಅವರ ಹಿಂದೆಯೇ ಓಡಿದೆ. ಅಜ್ಜಿ ಬಟಾಣಿ ತಟ್ಟೆಯಿಂದ ತಲೆಯೆತ್ತದೆ, "ಹೂಂ, ನಾನೂ ನೋಡ್ದೆ. ಕೊನೇಲಿ ನಮ್ಮ ಗೋಲ್‌ಕೀಪರ್ ಎಂಥಾ ಬಾಲ್ ತಡೆದ ಅಂತೀರಿ!" ಎಂದರು. ಸಂಜೆ ಜಿಲೇಬಿಯೂ ಬಂತು. ಮಾರನೆಯ ದಿನ ಅವರು ಸೂರ್ಯ ಹುಟ್ಟುವ ಮೊದಲೇ ಆಸ್ಪತ್ರೆಗೆ ಹೋದರು. ಪೇಪರಿನವನು ಅವರ ಬಾಗಿಲಿಗೆ ಎಸೆದು ಹೋದ ಪೇಪರಿನಿಂದ ಕ್ರೀಡಾ ಪುಟ ಕಿತ್ತು ನನ್ನ ಭೂಗೋಳದ ಪುಸ್ತಕದಲ್ಲಿ ಬಚ್ಚಿಟ್ಟೆ. ಕ್ರಿಕೆಟ್ಟಿನ ದೊಡ್ಡ ಚಿತ್ರದ ಕೆಳಗೆ ನಾಲ್ಕೇ ಸಾಲು. ದೆಹಲಿಯಲ್ಲಿ ಹಾಕಿಯ ಸೋಲನ್ನು ಮುಚ್ಚಿಡುವುದು ಅಂಥ ಕಷ್ಟದ ಕೆಲಸವಾಗಿರಲಿಲ್ಲ. ಅಜ್ಜಿಯ ಆಪರೇಷನ್ ಚೆನ್ನಾಗಿ ಆಯಿತು. ಹದಿನೈದು ದಿನದಲ್ಲಿ ಮನೆಗೆ ಬಂದು ಬಟಾಣಿ ಸುಲಿಯತೊಡಗಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಅದಾದ ಮೇಲೆ ತಾತ ಹಾಕಿಯ ಮಾತೆತ್ತಿದಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಆದರೆ ಅವರು ಆ ಪಂದ್ಯದ ಬಗ್ಗೆ ಒಂದು ಸಲವೂ ಕೇಳಲಿಲ್ಲ.

ಎರಡು ಸಾವಿರದ ಎಂಟರಲ್ಲಿ ನಮ್ಮ ತಂಡಕ್ಕೆ ಒಲಿಂಪಿಕ್ಸಿಗೆ ಹೋಗುವ ಅರ್ಹತೆಯೇ ಸಿಗಲಿಲ್ಲ. "ಇನ್ನು ಇಲ್ಲಿ ಯಾತಕ್ಕೆ ಕೂತಿರೋದು?" ಎಂದು ತಾತ ತಮಾಷೆ ಮಾಡಿದರು. ಆ ವರ್ಷವೇ ಕೆಲಸ ಬಿಟ್ಟು ಮಡಿಕೇರಿಯಲ್ಲಿದ್ದ ಮಗಳ ಮನೆಗೆ ಹೊರಟರು. ಟ್ರಂಕುಗಳನ್ನು ಕಟ್ಟುತ್ತಿದ್ದಾಗ ಸ್ಟಿಕ್ಕನ್ನು ನನ್ನ ಕೈಗಿಟ್ಟರು. ನನಗೆ ತಡೆಯಲಾಗಲಿಲ್ಲ. ಅಳುತ್ತಾ, "ತಾತ, ಅಜ್ಜಿ ಆಪರೇಷನ್ ಹಿಂದಿನ ದಿನ ನಾನು ಸುಳ್ಳು ಹೇಳಿದ್ದೆ," ಎಂದೆ.

"ಗೊತ್ತಲ್ಲ," ಎಂದರು ಅವರು, ಹಗ್ಗದ ಗಂಟು ಬಿಗಿಯುತ್ತಾ. "ಗೆದ್ದ ದಿನ ನೀನು ಮೆಟ್ಟಿಲು ಎರಡೆರಡು ಹಾರ್ಕೊಂಡು ಬರ್ತಿದ್ದೆ. ಅವತ್ತು ಒಂದೊಂದೇ ಹತ್ತಿ ಬಂದೆ. ನೀನು ಬಾಯಿ ಬಿಡೋಕೆ ಮುಂಚೇನೇ ಸುದ್ದಿ ಮುಟ್ಟಿತ್ತು."

"ಮತ್ತೆ ಯಾಕೆ ಹಾಗೆ ಕುಣ್ಕೊಂಡು ಹೋದ್ರಿ?"

ಅವರು ಒಳಗಿದ್ದ ಅಜ್ಜಿಯ ಕಡೆ ನೋಡಿ ದನಿ ತಗ್ಗಿಸಿದರು. "ನಾನು ಧೈರ್ಯವಾಗಿದೀನಿ ಅಂತ ಅವಳಿಗೆ ಗೊತ್ತಾಗ್ಬೇಕಿತ್ತಲ್ಲ. ಅವಳು ನನಗೋಸ್ಕರ ಸುಳ್ಳು ಹೇಳಿದ್ಲು, ನಾನು ಅವಳಿಗೋಸ್ಕರ ನಂಬಿದೆ. ನಡುವೆ ನೀನು ಓಡಾಡಿದೆ. ಒಂದೇ ಸಲ ತಪ್ಪಿದ ರನ್ನರಿಗೆ ಮಾಫಿ ಉಂಟು."

ಈಗ ಅವರಿಬ್ಬರೂ ಇಲ್ಲ. ಆ ಮನೆಯನ್ನು ಕೆಡವಿ ಐದು ಅಂತಸ್ತು ಎಬ್ಬಿಸಿದ್ದಾರೆ, ಕೋಣೆಗೊಬ್ಬೊಬ್ಬ ವಿದ್ಯಾರ್ಥಿಯಂತೆ. ಒಂದು ಸೋತ ತಂಡವನ್ನು ಅಷ್ಟು ವರ್ಷ ಬಿಡದೆ ಪ್ರೀತಿಸಿದವರ ಮನೆಯಲ್ಲಿ ನಾನು ಬೆಳೆದೆ; ಪ್ರೀತಿಸುವುದಕ್ಕೆ ಗೆಲುವು ಬೇಕಿಲ್ಲ ಎಂಬುದು ನನಗೆ ಅಲ್ಲೇ ತಿಳಿಯಿತು. ಅದಕ್ಕೆ ನಾನು ಎಷ್ಟು ಋಣಿಯೆಂದು ಅವರಿಗೆ ಹೇಳಲೇ ಇಲ್ಲವಲ್ಲ ಎಂಬುದೊಂದು ಕೊರಗು.

ನಲವತ್ತೊಂದು ವರ್ಷದ ಮೇಲೆ ನಮ್ಮ ತಂಡ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಬೆಳಿಗ್ಗೆ ನಾನೊಬ್ಬಳೇ ಟಿವಿಯ ಮುಂದೆ ಕೂತಿದ್ದೆ. ಕೆಲವೇ ಸೆಕೆಂಡು ಉಳಿದಿದ್ದಾಗ ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಅಜ್ಜಿಯ ಹಾಗೆ ಕಣ್ಣು ಮಿಟುಕಿಸದೆ ನೋಡಿದೆ. ನಮ್ಮ ಗೋಲ್‌ಕೀಪರ್ ತಡೆದ. ಮುಂದಿನದು ನನಗೆ ನೆನಪಿರುವುದು ಕಾಲುಗಳಲ್ಲಿ. ಬಾಗಿಲು ತೆರೆದಿಟ್ಟು, ಲಿಫ್ಟಿಗೂ ಕಾಯದೆ, ಬರಿಗಾಲಲ್ಲಿ ಎರಡೆರಡು ಮೆಟ್ಟಿಲು ಹಾರುತ್ತಾ ಹದಿನಾಲ್ಕನೆಯ ಮಹಡಿಯ ತಾರಸಿಗೆ ಓಡಿದೆ. ನೀರಿನ ಟ್ಯಾಂಕಿನ ಪಕ್ಕ ಯಾರೂ ಇರಲಿಲ್ಲ. ಏದುಸಿರು ಬಿಡುತ್ತಾ ಹೇಳಿದೆ, ಕನ್ನಡದಲ್ಲೇ: "ಗೆದ್ವಿ ತಾತ. ಐದು–ನಾಲ್ಕು." ಹೇಳುವ ಅಗತ್ಯವೇನೂ ಇರಲಿಲ್ಲ. ಮೆಟ್ಟಿಲ ಮೇಲಿನ ಕಾಲ ಸದ್ದು ಅವರಿಗೆ ಆಗಲೇ ಕೇಳಿಸಿರುತ್ತದೆ.