ಒನಕೆಯ ತುದಿಗೊಬ್ಬರು

ಕಳೆದ ವಾರ ನನ್ನ ಮಗಳು ಹಿಮದಲ್ಲಿ ನೆನೆದ ಚರ್ಮದ ಬೂಟುಗಳನ್ನು ತಂದು ಹೀಟರಿನ ಮೇಲಿಟ್ಟಳು. ಹಾಗೆ ಒಣಗಿಸಬಾರದು, ಒಳಗೆ ಪೇಪರ್ ತುರುಕಿ ದೂರದಲ್ಲಿಟ್ಟರೆ ಇನ್ನೂ ಎರಡು ಚಳಿಗಾಲ ಬಾಳುತ್ತವೆ, ನೀವೂ ನೆನಪಿಡಿ. ಗದರಲು ಹೋದವಳು ಬೂಟನ್ನೆತ್ತಿ ಮೂಸಿದೆ. ಒದ್ದೆ ಚರ್ಮದ ವಾಸನೆ... ಸ್ವೀಡನ್ನಿನ ಎಸ್ಕಿಲ್‌ಸ್ಟುನಾದ ನಮ್ಮ ಹಳೆಯ ಕಟ್ಟಡದಲ್ಲಿ, ಮೇಲಿನ ಮನೆಯ ಅಮ್ಮನ ಹಜಾರದಲ್ಲಿ ಒಂದು ದಿನ ಅದೇ ವಾಸನೆ ತುಂಬಿತ್ತು.

ಅವರು ತುವಾರೆಗ್ ಬುಡಕಟ್ಟಿನ ಹೆಂಗಸು. ಮಾಲಿ ದೇಶದ ಮರಳುಗಾಡಿನಲ್ಲಿ ಒಂಟೆ, ಮೇಕೆಗಳ ನಡುವೆ ಬೆಳೆದು, ಯುದ್ಧ ಬಂದಾಗ ಒಬ್ಬಳೇ ಮಗಳ ಕೈ ಹಿಡಿದು ಇಲ್ಲಿಗೆ ಬಂದವರು. ನನ್ನ ದಿನಸಿ ಅಂಗಡಿಗೆ ಸಜ್ಜೆ ಕೊಳ್ಳಲು ಬರುತ್ತಿದ್ದರು. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಈ ಊರಿನಲ್ಲಿ ಅವರೊಬ್ಬರೇ. ಬೆಲೆ ಕೇಳಿ, ಮಾತೇ ಆಡದೆ ನಗುತ್ತಾ ನಿಂತುಬಿಡುತ್ತಿದ್ದರು. ನಾನೇ ಇಳಿಯುತ್ತಿದ್ದೆ.

ಮಗಳ ಮದುವೆಗೆ ಅವರಿಗೆ ಬೇಕಿದ್ದದ್ದು ಒಂದೇ, ತೆಂಡೆ ಎಂಬ ಚರ್ಮವಾದ್ಯ. ಸಜ್ಜೆ ಕುಟ್ಟುವ ಮರದ ಒರಳಿನ ಬಾಯಿಗೆ ಒದ್ದೆ ಮೇಕೆ ಚರ್ಮ ಹೊದಿಸಿ, ಅಕ್ಕಪಕ್ಕ ಎರಡು ಉದ್ದನೆಯ ಒನಕೆ ಕಟ್ಟುತ್ತಾರೆ. ಒನಕೆಗಳ ಈ ತುದಿಗೊಬ್ಬರು, ಆ ತುದಿಗೊಬ್ಬರು ಹೆಂಗಸರು ಕೂತರೆ ಆ ಭಾರಕ್ಕೆ ಚರ್ಮ ಬಿಗಿಯಾಗಿ ದನಿ ಕೊಡುತ್ತದೆ. ಸಮಾರಂಭ ಮುಗಿದರೆ ಎಲ್ಲ ಬಿಚ್ಚಿ, ಮಾರನೆಯ ದಿನ ಅದೇ ಒರಳಿನಲ್ಲಿ ಮತ್ತೆ ಸಜ್ಜೆ. ಬಾರಿಸಲು ಪ್ಯಾರಿಸ್‌ನಿಂದ ಅವರ ಗೆಳತಿ ಬಂದಿಳಿದಿದ್ದರು. ಒಂದು ತುದಿಗೆ ಕೂರಬೇಕಿದ್ದ ಅವರ ತಂಗಿಗೆ ಮಾತ್ರ ವೀಸಾ ಸಿಗಲಿಲ್ಲ.

ನಾನು ಸುಮ್ಮನಿರುವವಳೇ? ರೆಡಿಮೇಡ್ ಡ್ರಮ್ ಬಾಡಿಗೆಗೆ ತನ್ನಿ ಎಂದೆ. ನಮ್ಮೂರ ತಮಟೆಯವರ ಹಾಗೆ ಬೆಂಕಿಗೆ ಹಿಡಿದರೆ ಚರ್ಮ ತಾನೇ ಬಿಗಿಯಾಗುತ್ತದೆ ಎಂದೆ. ಕೊನೆಗೆ, ನಮ್ಮ ಅರ್ಧಂಬರ್ಧ ಸ್ವೀಡಿಷಿನಲ್ಲೇ, "ಆ ತುದಿಗೆ ಅಕ್ಕಿ ಮೂಟೆ ಇಡಿ ಅಮ್ಮ, ನಾನೇ ಕೊಡ್ತೀನಿ. ಆಮೇಲೆ ವಾಪಸ್ ಕೊಟ್ರಾಯ್ತು" ಎಂದೆ.

"ಮೂಟೆ ಹಾಡತ್ತಾ, ಅಂಗಡಿಯವಳೇ? ಈ ಮನೇಲಿ ಕೂರೋಕೆ ಇನ್ನೊಂದು ಹೆಂಗಸೂ ಇರ್ಲಿಲ್ವಾ ಅಂತ ನನ್ನ ಮಗಳನ್ನ ಕೇಳಲ್ವಾ ಜನ?"

ಅಷ್ಟು ಹೇಳಿ, ಅಂಗಡಿಯಲ್ಲಿ ನಿಲ್ಲುವ ಹಾಗೆಯೇ ನಗುತ್ತಾ ನಿಂತರು. ನಾನು ಇಳಿದೆ.

ಮದುವೆಯ ದಿನ ನಗರಸಭೆಯ ಸಭಾಂಗಣದಲ್ಲಿ ಸೀರೆ ಎತ್ತಿ ಕಟ್ಟಿ ಒನಕೆಗಳ ಮೇಲೆ ಕೂತೆ. ಗೆಳತಿ ಒಂದು ಪೆಟ್ಟು ಹಾಕಿ ನೋಡಿ, "ಈ ಕಡೆ ಜಾಸ್ತಿ ಆಯ್ತು, ಸ್ವಲ್ಪ ಮುಂದೆ ಬಾಮ್ಮ" ಎಂದಾಗ ಸಭೆಯೆಲ್ಲ ನಕ್ಕಿತು. ಎದುರಿನ ತುದಿಯಲ್ಲಿ ಮೇಲಿನ ಮನೆಯ ಅಮ್ಮ. ಅವರು ಹಿಂದಕ್ಕೆ ವಾಲಿದರೆ ದನಿ ಏರುತ್ತಿತ್ತು, ಸಡಿಲಿಸಿದರೆ ಇಳಿಯುತ್ತಿತ್ತು. ಅವರನ್ನು ನೋಡಿ ನೋಡಿ ನಾನೂ ವಾಲಿದೆ. ಹೆಂಗಸರು ಚಪ್ಪಾಳೆ ತಟ್ಟಿ ಹಾಡಿದರು. ಮುಖಕ್ಕೆ ನೀಲಿ ಬಟ್ಟೆ ಸುತ್ತಿದ ಗಂಡಸರು ಸುತ್ತಲೂ ಕುಣಿದರು. ಹಾಡಿನ ಒಂದು ಪದವೂ ನನಗೆ ತಿಳಿಯಲಿಲ್ಲ, ಆದರೆ ಪ್ರತಿ ಪೆಟ್ಟೂ ಒನಕೆಯಿಂದ ಬೆನ್ನಿಗೆ ಹತ್ತುತ್ತಿತ್ತು. ಮಗಳು ಕುಣಿಯುತ್ತಾ ಎದುರು ಬಂದಾಗ ಅಮ್ಮನ ಕಣ್ಣು ತುಂಬಿ ಹರಿಯಿತು. ಎಲ್ಲಿ ತೂಕ ತಪ್ಪುತ್ತದೋ ಎಂದು ಒರೆಸಿಕೊಳ್ಳಲು ಕೈಯನ್ನೂ ಎತ್ತಲಿಲ್ಲ...

ಹೋದ ವರ್ಷ ಅವರು ತೀರಿಕೊಂಡರು. ಅವರ ಮಗಳು ಈಗ ಮೋಲ್ನ್‌ಡಾಲ್‌ನಲ್ಲಿದ್ದಾಳೆ. ನಿನ್ನೆ ಫೋನ್ ಮಾಡಿದ್ದಳು.

"ಪಾಪುಗೆ ಹೆಸರಿಡ್ತಿದ್ದೀವಿ, ಆಂಟಿ. ತೆಂಡೆ ಕಟ್ಟಬೇಕು. ಒಂದು ಕಡೆ ನೀವೇ ಬರಬೇಕು. ಅಮ್ಮನ ಕಡೆ... ಯಾರನ್ನ ಕೂರಿಸ್ಲಿ?"

ಯೋಚಿಸಿ ಹೇಳುತ್ತೇನೆ ಎಂದೆ. ಫೋನ್ ಇಟ್ಟ ಮೇಲೆ ಗೊತ್ತಿರುವ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ಮನಸ್ಸಿನಲ್ಲೇ ಆ ತುದಿಯಲ್ಲಿ ಕೂರಿಸಿ ನೋಡಿದೆ. ಅಮ್ಮ ಕಡ್ಡಿಯಂತೆ ತೆಳ್ಳಗಿದ್ದರು. ಆದರೂ ಅವರ ತೂಕಕ್ಕೆ ಯಾರೂ ಬರಲಿಲ್ಲ.